ರಜೆಗೆ ಬಂದವರು ಆಸ್ಪತ್ರೆ ಹುಡುಕಿದ್ದು

ಸರೋವರದ ದಂಡೆಯ ಲಾಡ್ಜಿನ ಮುಂದೆ ಕಾರು ನಿಂತಾಗ ಯಜಮಾನಿ ತಾನೇ ಶರಬತ್ತಿನ ಲೋಟ ಹಿಡಿದು ಹೊರಗೆ ಬಂದಳು. ಫೋನಿನಲ್ಲಿ ರೂಮು ಕಾದಿರಿಸಿದ್ದ ಟೀಚರಮ್ಮ ಕಾರಿನಿಂದ ವೀಲ್‌ಚೇರಿಗೆ ಇಳಿದವರು ಲೋಟದ ಕಡೆ ನೋಡಲೂ ಇಲ್ಲ.

"ಬೇಡಮ್ಮ. ಮೊದಲು ರೂಮು ತೋರಿಸಿ."

ಯಜಮಾನಿಗೆ ಮೈಯೆಲ್ಲ ಉರಿಯಿತು. ಬಿಸಿಲಲ್ಲಿ ಬಂದಿದ್ದಾರೆ ಎಂದು ಪ್ರೀತಿಯಿಂದ ಕೊಟ್ಟರೆ ಎಷ್ಟು ಜಂಬ ಇವರಿಗೆ ಅಂದುಕೊಂಡಳು.

ಬಾಗಿಲಿಗೆ ಮೆಟ್ಟಿಲುಗಳಿದ್ದವು. ಯಜಮಾನಿಯ ಗಂಡ ಒಂದು ಮಾತೂ ಕೇಳದೆ, ಡ್ರೈವರನ್ನು ಸೇರಿಸಿಕೊಂಡು ಕುರ್ಚಿ ಸಮೇತ ಟೀಚರಮ್ಮನನ್ನು ಎತ್ತಿಯೇಬಿಟ್ಟ.

"ಕೇಳಿ ಎತ್ತಿ ಸ್ವಾಮಿ! ನಾನೇನು ಅಕ್ಕಿಮೂಟೆನಾ?"

ಯಜಮಾನ ಹಲ್ಲು ಕಿರಿದ. ರೂಮು ಚೆನ್ನಾಗಿತ್ತು, ಕಿಟಕಿಯ ತುಂಬ ಸರೋವರ. ಟೀಚರಮ್ಮ ಮಾತ್ರ ನೇರ ಬಾತ್‌ರೂಮಿಗೆ ನುಗ್ಗಿದರು. ಚಕ್ರ ಚೌಕಟ್ಟಿಗೆ ಬಡಿದು ನಿಂತಿತು. ಓರೆ ಮಾಡಿ ನೋಡಿದರು, ಹಿಂದೆ ಸರಿದು ಮತ್ತೆ ತಳ್ಳಿದರು. ಆಗಲಿಲ್ಲ.

"ಫೋನಲ್ಲಿ ಕೇಳಿದ್ದೆನಲ್ಲ, ವೀಲ್‌ಚೇರ್ ಬಾತ್‌ರೂಮಿನ ಒಳಗೆ ಹೋಗುತ್ತಾ ಅಂತ. ಏನಂದ್ರಿ ನೀವು?"

"ಎಲ್ಲಾ ಅನುಕೂಲ ಇದೆ ಬನ್ನಿ ಅಂದೆ." ಯಜಮಾನ ತಲೆ ಕೆರೆದುಕೊಂಡ. "ಎರಡು ದಿನ ತಾನೇ ಮೇಡಂ, ಹೇಗೋ ಅಡ್ಜಸ್ಟ್ ಮಾಡ್ಕೊಳ್ಳಿ."

"ಏನನ್ನ ಅಡ್ಜಸ್ಟ್ ಮಾಡ್ಕೊಳ್ಳಲಿ? ಮೂತ್ರಾನಾ? ದಾರೀಲಿ ಎಲ್ಲೂ ಜಾಗ ಸಿಗಲ್ಲ ಅಂತ ಬೆಳಗ್ಗೆಯಿಂದ ಒಂದು ತೊಟ್ಟು ನೀರು ಕುಡಿದಿಲ್ಲ ನಾನು. ನಿಮ್ಮ ಮಾತು ನಂಬಿ ಬಂದೆ!"

ಯಜಮಾನಿಗೆ ನಾಚಿಕೆಯಾಯಿತು. ಪಕ್ಕದ ಲಾಡ್ಜಿಗೆ ಓಡಿದಳು, ಊಟದ ಹೋಟೆಲಿಗೆ ಓಡಿದಳು. ಒಂದು ಕಡೆ ಮೆಟ್ಟಿಲು, ಇನ್ನೊಂದು ಕಡೆ ಇವರದಕ್ಕಿಂತ ಇಕ್ಕಟ್ಟಾದ ಬಾಗಿಲು. ಕೊನೆಗೆ ಊರಿಗೆ ಊರೇ ಹುಡುಕಿದರೂ ಆ ಕುರ್ಚಿ ಹಿಡಿಸುವ ಬಾಗಿಲು ಸಿಕ್ಕಿದ್ದು ಆಸ್ಪತ್ರೆಯಲ್ಲಿ. ಸರೋವರ ನೋಡಲು ಬಂದ ಹೆಂಗಸು ಕಾಯಿಲೆ ಕಸಾಲೆ ಇಲ್ಲದೆ ಆಸ್ಪತ್ರೆಗೆ ಹೋಗಬೇಕಾಯಿತು. ಇಂಥ ಊರಿಗೆ ಪ್ರವಾಸಿ ತಾಣ ಅಂತ ಬೋರ್ಡು ಬೇರೆ ಕೇಡು!

ಜೊತೆಗೆ ಹೋಗಿದ್ದ ಯಜಮಾನಿ ಆಸ್ಪತ್ರೆಯ ಗೇಟಿನಲ್ಲಿ ಕೈಮುಗಿದಳು. "ತಪ್ಪಾಯ್ತು ಮೇಡಂ. ನಮ್ಮ ಬಾಗಿಲು ಅಗಲ ಮಾಡಿಸ್ತೀವಿ."

"ನಿಮ್ಮದೊಂದೇ ಮಾಡಿಸಿದ್ರೆ ಸಾಕಾ? ಹೋಟೆಲಿಗೆ ಮೆಟ್ಟಿಲು, ದೋಣಿ ಹತ್ತೋಕೆ ಹಲಗೆ ಇಲ್ಲ. ನಿಮ್ಮ ಬಾತ್‌ರೂಮಲ್ಲೇ ಕೂತು ರಜೆ ಕಳೀಲಾ? ಎಲ್ಲರೂ ಸೇರಿ ಮಾಡಿ. ಮಾಡೋಕೆ ಮುಂಚೆ ನಮ್ಮಂಥವರನ್ನ ಕೇಳಿ. ಮಾಡಿದ ಮೇಲೆ ಕರೆದು ಫೋಟೊ ತೆಗೆಯೋದು ಬೇಡ."

ಕಾರು ಅಲ್ಲಿಂದಲೇ ವಾಪಸು ಹೋಯಿತು.

ಮನೆಗೆ ಬಂದರೆ ಗಂಡನದು ಅದೇ ರಾಗ. "ಇಂಥವರು ಎಲ್ಲೋ ವರ್ಷಕ್ಕೊಬ್ಬರು ಬರ್ತಾರೆ ಕಣೇ. ಅಷ್ಟಕ್ಕೆ ಗೋಡೆ ಒಡೆಯೋದಾ?"

"ಬಾಗಿಲು ಚಿಕ್ಕದು ಅಂತಾನೇ ಬರ್ತಿಲ್ಲ ಅಂತ ನಿಮಗೆ ಹೊಳೆಯೋದೇ ಇಲ್ವಾ? ಸುಳ್ಳು ಹೇಳಿ ಕರೆಸ್ಕೊಂಡ್ರಲ್ಲ, ಮನುಷ್ಯರು ಮಾಡೋ ಕೆಲಸಾನಾ ಅದು?"

ಮೂಲೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅತ್ತೆ ತಲೆ ಎತ್ತಿದರು. "ನಾನೂ ಸಂಜೆ ಮೇಲೆ ನೀರು ಮುಟ್ಟಲ್ಲ ಕಣೋ. ಬಚ್ಚಲಲ್ಲಿ ಹಿಡ್ಕೊಂಡು ಏಳೋಕೆ ಏನೂ ಇಲ್ಲ. ಒಂದು ಸಲ ಬಿದ್ದೂ ಇದ್ದೀನಿ."

"ಅಯ್ಯೋ, ನನಗ್ಯಾಕಮ್ಮ ಹೇಳಲಿಲ್ಲ?"

"ಹೇಳಿದ್ರೆ ನೀನು ನನಗೂ ಅಡ್ಜಸ್ಟ್ ಮಾಡ್ಕೋ ಅಂತಿದ್ದೆ."

ಯಜಮಾನ ಬೆಳಗಾದ ಮೇಲೆ ದೋಣಿಯವನನ್ನೂ ಹೋಟೆಲಿನವನನ್ನೂ ಕರೆದು ಕೂರಿಸಿದ.

"ನಾವು ಎತ್ತಿ ಕೂರಿಸ್ತೀವಲ್ಲಣ್ಣ, ಪುಣ್ಯದ ಕೆಲಸ," ಅಂದ ದೋಣಿಯವನು.

"ನಿನ್ನ ಕಂಕುಳಿಗೆ ಕೈ ಹಾಕಿ ಊರವರ ಮುಂದೆ ಎತ್ತಿ ಹಾಕಿದ್ರೆ ಪುಣ್ಯ ಅಂತೀಯೇನಯ್ಯ?" ಎಂದು ಯಜಮಾನ ಗದರಿದ.

ಗೋಡೆಗೆ ಸುತ್ತಿಗೆ ಹಾಕುವ ಮೊದಲು ಟೀಚರಮ್ಮನಿಗೆ ಫೋನು ಮಾಡಿದರು. ಅವರು ಬೈದರು, ಬೈಯುತ್ತಲೇ ಹೇಳಿಕೊಟ್ಟರು. ಬಾಗಿಲು ಅಗಲವಾಯಿತು, ಬಚ್ಚಲಿಗೆ ಹಿಡಿಕೆ ಬಂತು. ಲಾಡ್ಜಿನ ಮೆಟ್ಟಿಲಿಗೂ ಹೋಟೆಲಿಗೂ ಇಳಿಜಾರು, ದೋಣಿಗೆ ಅಂಚು ಕಟ್ಟಿದ ಅಗಲ ಹಲಗೆ ಬಂದವು. ಕೆಲಸ ಮುಗಿಯುವ ತನಕ ವೀಲ್‌ಚೇರಿನವರು ಯಾರೇ ರೂಮು ಕೇಳಿದರೂ ಯಜಮಾನ ಫೋನಿನಲ್ಲಿ, "ಇನ್ನೂ ಆಗಿಲ್ಲ, ನಿಮ್ಮ ಕುರ್ಚಿ ಒಳಗೆ ಹೋಗಲ್ಲ" ಎಂದು ನಿಜವನ್ನೇ ಹೇಳಿದ.

ಟೀಚರಮ್ಮ ಮಾತ್ರ ಮತ್ತೆ ಬಂದಿಲ್ಲ. ಬನ್ನಿ ಎಂದು ಒತ್ತಾಯ ಮಾಡಲು ಯಜಮಾನಿಗೆ ಬಾಯಿ ಬರುವುದಿಲ್ಲ.

ಲಾಡ್ಜು, ಹೋಟೆಲು, ದೋಣಿ, ಗಾಡಿ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಈ ಕಥೆ ಕೇಳಿ ಅಯ್ಯೋ ಪಾಪ ಅನ್ನಬೇಡಿ. ಅವರು ಪಾಪ ಅಲ್ಲ, ನಿಮ್ಮ ಗಿರಾಕಿ. ಈಗಲೇ ಎದ್ದು ಟೇಪು ಹಿಡಿದು ನಿಮ್ಮ ಬಾತ್‌ರೂಮಿನ ಬಾಗಿಲು ಅಳೆಯಿರಿ. ಚಿಕ್ಕದಿದ್ದರೆ ಒಡೆಯಿರಿ. ಆಮೇಲೆ ಆ ಟೇಪನ್ನು ಪಕ್ಕದವರ ಕೈಗೆ ಕೊಡಿ.