ಕೋಲು ಇಳಿಯುವವರೆಗೆ

ಪಕ್ಕದ ಸಾಲಿನಲ್ಲಿ ಯಾರೋ ಕೆಮ್ಮಿದ್ದಕ್ಕೆ ಕೊರಗಪ್ಪನ ಎದೆ ಧಸಕ್ಕೆಂದಿತು. ಕೆಮ್ಮಿದ್ದು ತಾನಲ್ಲ ಎಂದು ಗೊತ್ತಾಗಲು ಒಂದು ಕ್ಷಣ ಬೇಕಾಯಿತು. ಜೇಬಿನಲ್ಲಿ ಶುಂಠಿ ಮಿಠಾಯಿ ಇತ್ತು. ಕಾಗದ ಸರಸರ ಅಂದೀತೆಂದು ಮನೆಯಲ್ಲೇ ಬಿಚ್ಚಿ ಕರ್ಚೀಫಿನಲ್ಲಿ ಕಟ್ಟಿಕೊಂಡಿದ್ದ. ಫೋನ್ ಆಫ್ ಮಾಡಿದ್ದು ಸಾಲದೆಂದು ಅದನ್ನು ಕಾರಿನಲ್ಲೇ ಬಿಟ್ಟು ಬಂದಿದ್ದ.

ಇಲ್ಲೇ ಅಬುಧಾಬಿಯ ಗ್ಯಾರೇಜಿನಲ್ಲಿ ಇಪ್ಪತ್ತೆರಡು ವರ್ಷ ದುಡಿದ ಆಸಾಮಿ, ವೀಸಾ ಆಫೀಸಿನಲ್ಲೂ ಇಷ್ಟು ಹೆದರಿದವನಲ್ಲ. ವೇದಿಕೆಯ ಮೇಲೆ ಪಿಟೀಲಿನವರ ಸಾಲಿನ ತುದಿಯಲ್ಲಿ ಮಗಳು ತೃಷಾ ಕಪ್ಪು ಉಡುಪು ತೊಟ್ಟು ಕೂತಿದ್ದಳು. ಹದಿನಾಲ್ಕು ವರ್ಷ, ಮಕ್ಕಳ ಆರ್ಕೆಸ್ಟ್ರಾದಲ್ಲಿ ಮೊದಲ ಕಛೇರಿ. ಟಿಕೆಟ್ ತಂದವಳು, "ಅಮ್ಮ ಒಬ್ರೇ ಬಂದ್ರೂ ಸಾಕು" ಅಂದಿದ್ದಳು. ಹೋದ ವರ್ಷ ಶಾಲೆಯ ಕಾರ್ಯಕ್ರಮದಲ್ಲಿ ಅಪ್ಪ ಶಿಳ್ಳೆ ಹೊಡೆದದ್ದಕ್ಕೆ ಒಂದು ವಾರ ಮಾತು ಬಿಟ್ಟಿದ್ದವಳು. ಇವತ್ತೂ ಎಡವಟ್ಟಾದರೆ ಇನ್ನೆಂದೂ ಕರೆಯುವುದಿಲ್ಲ. ಅದು ಅವನಿಗೆ ಖಾತ್ರಿಯಿತ್ತು.

"ನಡುವೆ ಎಲ್ಲ ಸೈಲೆಂಟ್ ಆಗ್ತದೆ ಪಪ್ಪಾ. ಅದು ಮುಗಿದದ್ದಲ್ಲ, ನಾಲ್ಕು ಭಾಗ ಉಂಟು. ಎದುರು ನಿಂತು ಕೋಲು ಆಡಿಸ್ತಾರಲ್ಲ, ಆ ಕಂಡಕ್ಟರ್ ಅದನ್ನು ಇಳಿಸಿ ಈಚೆ ತಿರುಗುವವರೆಗೆ ನೋ ಕ್ಲ್ಯಾಪಿಂಗ್. ಪ್ಲೀಸ್," ಎಂದು ಮನೆಯಲ್ಲೇ ಎಚ್ಚರಿಸಿದ್ದಳು.

"ಕಂಡಕ್ಟರ್ ರೈಟ್ ಹೇಳಿದ ಮೇಲೆ ತಟ್ಟುವುದಲ್ವಾ?" ಎಂದು ನಗಿಸಲು ನೋಡಿದ್ದ. ಅವಳು ನಗಲಿಲ್ಲ.

ಮೊದಲ ಭಾಗ ಧಡಾರನೆ ಮುಗಿದು ಹಾಲ್ ನಿಶ್ಶಬ್ದವಾದಾಗ ಕೊರಗಪ್ಪ ಎರಡೂ ಅಂಗೈಗಳನ್ನು ತೊಡೆಯ ಅಡಿಗೆ ಒತ್ತಿ ಅವುಗಳ ಮೇಲೆ ಕೂತುಬಿಟ್ಟ.

"ಉಸಿರಾದ್ರೂ ಬಿಡಿ ಮಾರಾಯ್ರೆ," ಹೆಂಡತಿ ಸ್ವರ್ಣಲತಾ ಪಿಸುಗುಟ್ಟಿದಳು.

ಎರಡನೆಯದು ನಿಧಾನದ್ದು. ಪಿಟೀಲುಗಳೆಲ್ಲ ಒಟ್ಟಾಗಿ ಎಳೆದ ಆ ಸ್ವರಕ್ಕೆ ಹೆದರಿಕೆ ಸ್ವಲ್ಪ ಸಡಿಲಾಯಿತು. ಕಣ್ಣು ತಾನಾಗಿ ಮುಚ್ಚಿತು. ಶನಿವಾರದ ಭಜನೆಯಲ್ಲಿ ಕೂತ ಹಾಗೇ ಇತ್ತಲ್ಲ! ಊರಿನವರು ಸೇರುವ ಆ ಭಜನೆ ನಡೆಸುವವನು ಅವನೇ. ಪ್ರತಿ ಹಾಡು ಮುಗಿದಾಗ ದೇವರ ಹೆಸರು ಕೂಗಿ ಎಲ್ಲರಿಂದ ಹೇಳಿಸುವ ಕೆಲಸವೂ ಅವನದೇ. ಸ್ವರ ಸಣ್ಣದಾಗುತ್ತ ಆಗುತ್ತ ನಿಂತಿತು.

"ಗೋವಿಂದ ಅನ್ನೀ..."

ಕೈಗಳನ್ನು ಕಾದಿದ್ದ, ಬಾಯಿಯನ್ನು ಮರೆತಿದ್ದ. ಕಣ್ಣು ಬಿಟ್ಟರೆ ಮುಂದಿನ ಸಾಲುಗಳ ತಲೆಗಳೆಲ್ಲ ಇವನತ್ತ. ಸ್ವರ್ಣಲತಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಯ್ಯೋ ದೇವರೇ, ಹಾಳು ಮಾಡಿಬಿಟ್ಟೆ! ಹೆದರುತ್ತ ಹೆದರುತ್ತ ಮಗಳ ಕಡೆ ನೋಡಿದ.

ತೃಷಾಳ ಮುಖ ಕೆಂಪಾಗಿತ್ತು. ಆದರೆ ತುಟಿ ಅಲುಗಿತ್ತು, ಸದ್ದಿಲ್ಲದೆ: ಗೋವಿಂದಾ. ನಾಲ್ಕು ವರ್ಷದವಳಿದ್ದಾಗಿನಿಂದ ಶನಿವಾರ ಶನಿವಾರ ಕೊಟ್ಟ ಉತ್ತರ. ಮರುಕ್ಷಣ ತುಟಿ ಕಚ್ಚಿ ತಲೆ ತಗ್ಗಿಸಿದಳು. ಭುಜ ಅಲುಗುತ್ತಿತ್ತು. ಅಳುವೋ ನಗುವೋ ಅವನಿಗೆ ತಿಳಿಯಲಿಲ್ಲ.

ಉಳಿದೆರಡು ಭಾಗ ಅವನ ಕಿವಿಗೆ ಬೀಳಲಿಲ್ಲ. ಕೋಲು ಇಳಿಯಿತು, ಕಂಡಕ್ಟರ್ ಈಚೆ ತಿರುಗಿದರು, ಇಡೀ ಹಾಲ್ ಚಪ್ಪಾಳೆ ತಟ್ಟಿತು. ಕೊರಗಪ್ಪ ಮಾತ್ರ ಕೈಗಳ ಮೇಲೆ ಹಾಗೇ ಕೂತಿದ್ದ.

ತೃಷಾ ಎದ್ದು ನಿಂತಳು. ಸಾಲು ಸಾಲಾಗಿ ಹುಡುಕಿ ಅಪ್ಪನನ್ನು ಕಂಡಳು. ಪಿಟೀಲನ್ನು ಕಂಕುಳಲ್ಲಿ ಇರುಕಿಕೊಂಡು, ಗಲ್ಲ ಎತ್ತಿ, ಹೂಂ, ತಟ್ಟಿ ಎಂಬಂತೆ ಸನ್ನೆ ಮಾಡಿದಳು.

ಅವನು ಕೈಗಳನ್ನು ಹೊರಗೆಳೆದ. ಎರಡೂ ಜೋಮು ಹಿಡಿದಿದ್ದವು. ಒಂದಕ್ಕೊಂದು ಬಡಿದ, ಮತ್ತೆ ಬಡಿದ, ತಾಗಿದ್ದೇ ಗೊತ್ತಾಗುತ್ತಿರಲಿಲ್ಲ.