ಮಾವನ ಜಾಡಿಯ ಬಿಸಿ

ಸೊಸೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಮಾವನದು ಮನೆಯ ಹಿಂದೆಯೇ ನಲ್ಲಿಗಳಿಗೆ, ಬಾಗಿಲ ಹಿಡಿಕೆಗಳಿಗೆ ನಿಕಲ್ ಲೇಪ ಹಾಕುವ ಸಣ್ಣ ವರ್ಕ್‌ಶಾಪು. ಕೆಲಸ ಕಡಿಮೆಯಿದ್ದಾಗ ಅವರು ಗಾಜಿನ ಜಾಡಿಯಲ್ಲಿ ಪೊಟ್ಯಾಶ್ ಬೆರೆಸಿದ ನೀರಿಗೆ ತಂತಿ ಇಳಿಬಿಟ್ಟು ಕರೆಂಟು ಹರಿಸುತ್ತಿದ್ದರು. ಕೊಟ್ಟ ಕರೆಂಟಿಗಿಂತ ಹೆಚ್ಚು ಶಾಖ ಹುಟ್ಟುತ್ತಿದೆ ಎಂಬುದು ಅವರ ನಂಬಿಕೆ. ಇದೇ ಹುಚ್ಚು ಹತ್ತಿದವರ ಫೋನಿನ ಗುಂಪೊಂದರಲ್ಲಿ ಅವರಿಗೆ ಭಾರೀ ಮರ್ಯಾದೆ. ಬೀದಿಯಲ್ಲಿ ಮಾತ್ರ ‘ಬಿಸಿನೀರಪ್ಪ’ ಎಂಬ ಅಡ್ಡಹೆಸರು.

“ಬೇರೆಯವರ ಕೈಲೂ ಬಂದ್ರೆ ತಾನೇ ನಿಜ ಅನ್ನೋದು? ನೀನೊಂದ್ಸಲ ಮಾಡಿ ನೋಡಮ್ಮ. ನಾನು ತಲೆ ಹಾಕಲ್ಲ,” ಎಂದರು ಒಂದು ದಿನ.

ಸೊಸೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಂಥದೇ ಜಾಡಿ, ಅಂಥದೇ ತಂತಿ ಇಟ್ಟಳು. ಶಾಖ ಬಂತು, ಆದರೆ ಕೊಟ್ಟ ಕರೆಂಟಿನ ಲೆಕ್ಕದೊಳಗೇ. ಮತ್ತೆ ಮತ್ತೆ ಮಾಡಿದರೂ ಅಷ್ಟೇ. ಆಗ ಅವಳಿಗೆ ಹೊಳೆಯಿತು. ತನ್ನ ಜಾಡಿಯಲ್ಲಿ ನೀರನ್ನು ಸದಾ ಕಲಕುವ ಪುಟ್ಟ ಕಡ್ಡಿಯೊಂದು ತಿರುಗುತ್ತಿತ್ತು. ಮಾವನ ಜಾಡಿಯಲ್ಲಿ ನೀರು ನಿಂತೇ ಇರುತ್ತಿತ್ತು, ಥರ್ಮಾಮೀಟರು ಬಿಸಿ ತಂತಿಗೆ ತಾಗಿಕೊಂಡೇ ಇರುತ್ತಿತ್ತು.

ಮಾವನಿಗೆ ಹೇಳುವುದು ಹೇಗೆಂದು ತೋಚದೆ ಅತ್ತೆಯನ್ನು ಕೇಳಿದಳು.

“ಹೇಳ್ಬಿಡು. ನಿನ್ನ ಮಾತಾದ್ರೆ ಕೇಳ್ತಾರೆ. ನಂದಂತೂ ಈ ಜನ್ಮದಲ್ಲಿ ಕೇಳಿದ್ದಿಲ್ಲ,” ಎಂದರು ಅತ್ತೆ, ಬಟ್ಟೆ ಮಡಿಸುತ್ತಾ.

ಹೇಳಿದಳು. ಮಾವ ಎದ್ದು ವರ್ಕ್‌ಶಾಪಿಗೆ ನಡೆದರು. ಜಾಡಿಗೆ ಕರೆಂಟು ಹರಿಸಿ, ಬಿಸಿ ಏರಿದ ಮೇಲೆ ಹಿಂದೆಯೇ ಬಂದಿದ್ದವಳ ಕೈಗೆ ಗಾಜಿನ ಕಡ್ಡಿ ಕೊಟ್ಟು, “ಕಲಕು,” ಎಂದರು. ಅವಳು ಕಲಕಿದಂತೆಲ್ಲ ಥರ್ಮಾಮೀಟರಿನ ಪಾದರಸ ಇಳಿಯುತ್ತಾ ಬಂತು. ಅವರು ಸ್ಟೂಲು ಎಳೆದುಕೊಂಡು ಕೂತರು.

“ಬೇಜಾರಾಯ್ತಾ ಮಾವ?”

“ಆಗ್ದೆ ಇರತ್ತಾ? ತಂತಿ ಪಕ್ಕದ ಬಿಸಿನ ಇಡೀ ಜಾಡಿದು ಅಂದ್ಕೊಂಡು ಕುಣೀತಿದ್ದೆ.” ಜಾಡಿಯ ಕರೆಂಟು ಆರಿಸಿ ಹೇಳಿದರು: “ಸದ್ಯ, ಮಾವ ಅಂತ ನೀನು ಮುಲಾಜು ನೋಡ್ಲಿಲ್ಲ.”

ಅಂದು ಸಂಜೆಯೇ ಗುಂಪಿಗೆ ತಾವೇ ಬರೆದರು: ನನ್ನದು ತಪ್ಪು, ಸೊಸೆಯದು ಸರಿ, ಎಲ್ಲರೂ ನೀರು ಕಲಕಿ ನೋಡಿ. ಕೆಲವರು ಮುನಿಸಿಕೊಂಡು ಗುಂಪೇ ಬಿಟ್ಟುಹೋದರು. ಆದರೆ ಗುಂಪಿನಲ್ಲಿದ್ದ ದೂರದೂರಿನ ನಿವೃತ್ತ ನರ್ಸ್ ಒಬ್ಬರು ತಮ್ಮ ಜಾಡಿ, ತಂತಿಗಳನ್ನು ಎರಡು ಜೊತೆ ಪಾರ್ಸೆಲ್ ಕಳಿಸಿದರು. ಕಲಕಿದರೂ ತಮ್ಮಲ್ಲಿ ಶಾಖ ಹೆಚ್ಚೇ ಬರುತ್ತಿದೆ, ನೀವಿಬ್ಬರೂ ಪರೀಕ್ಷಿಸಿ ಎಂದು ಕೇಳಿಕೊಂಡಿದ್ದರು.

ಮಾವನ ಮುಖ ಅರಳಿತು. ಒಂದು ಜೊತೆ ವರ್ಕ್‌ಶಾಪಿಗೆ, ಇನ್ನೊಂದು ಕಾಲೇಜಿಗೆ. ಎರಡೂ ಕಡೆ ಮುಗಿಯುವವರೆಗೆ ಒಬ್ಬರ ಅಂಕಿ ಇನ್ನೊಬ್ಬರಿಗೆ ಹೇಳಬಾರದೆಂದು ಒಪ್ಪಂದವಾಯಿತು. ಊಟಕ್ಕೆ ಕೂತರೆ ಇಬ್ಬರ ಬಾಯಿಗೂ ಬೀಗ. ಅತ್ತೆ ಇಬ್ಬರ ಮುಖವನ್ನೂ ನೋಡಿ ನೋಡಿ ಸಾಕಾಗಿ, “ಒಬ್ಬರಾದ್ರೂ ಬಾಯಿ ಬಿಡ್ರಪ್ಪ. ನಂಗೇ ತಡ್ಕೊಳ್ಳೋಕಾಗ್ತಿಲ್ಲ,” ಎಂದು ತಟ್ಟೆ ಮುಂದಿಟ್ಟರು.