ಟ್ವೇಟ್ ಬಡಗಿಯ ಕ್ಯಾಂಪರ್

ಲೈಲ್ ಓಕ್ಸ್‌ನ ಹುಲ್ಲುಮೆದೆಯ ಹಿಂದೆ ಆ ಕ್ಯಾಂಪರ್ ಎಂದಿನಿಂದ ಬಿದ್ದಿತ್ತೆಂಬುದು ಲೈಲ್‌ಗೇ ತಿಳಿಯದು. ಅವನು ಜಮೀನು ಕೊಳ್ಳುವ ಮೊದಲೇ ಅದು ಅಲ್ಲಿತ್ತು. ಪಿಕಪ್ ಗಾಡಿಯ ಬೆನ್ನಿಗೆ ಕೂರಿಸಿ ಬೆಟ್ಟಕ್ಕೋ ಸರೋವರಕ್ಕೋ ಹೊತ್ತೊಯ್ಯುವ ಪುಟ್ಟ ಮನೆ ಅದು. ಅದರ ಮುಂಭಾಗ ಗಾಡಿಯ ನೆತ್ತಿಯ ಮೇಲೆ ಚಾಚಿಕೊಂಡಿತ್ತು, ಮಲಗುವ ಅಟ್ಟ ಇದ್ದದ್ದು ಅಲ್ಲೇ. ಬಣ್ಣ ಸುಲಿದ ತಗಡು ಒಂದು ಮಗ್ಗುಲಿಗೆ ವಾಲಿ, ಕಾಡುಗುಲಾಬಿಯ ಮುಳ್ಳುಪೊದೆಯಲ್ಲಿ ಅರ್ಧ ಹೂತುಹೋಗಿತ್ತು.

"ತಗೊಂಡ್ಹೋಗು ಮಾರಾಯ, ಪುಣ್ಯ ಬರುತ್ತೆ ನಿಂಗೆ," ಎಂದ ಲೈಲ್. "ಕೋಳಿಗೂಡು ಮಾಡೋಣ ಅಂತ ನೋಡ್ದೆ. ಹಾಳಾದ ಕೋಳಿಗಳು ಹಿಮದಲ್ಲಿ ನಡುಗ್ತಾ ಹೊರಗೇ ನಿಂತ್ವು, ಒಳಗೆ ಕಾಲಿಡ್ಲಿಲ್ಲ."

"ಕೋಳಿಗಿರೋ ಬುದ್ಧಿ ನಂಗಿಲ್ಲ ಅಂತೀಯಾ?"

"ನಾನ್ಯಾಕೆ ಅನ್ಲಿ? ನಿನ್ನ ಹೆಂಡ್ತಿ ಊರಿಗೆಲ್ಲಾ ಸಾರಿದಾಳಲ್ಲ."

ಡಾರಲ್ ಕ್ವಿಗ್ಲಿ ನಕ್ಕುಬಿಟ್ಟ. ಮರ ಕೊಯ್ಯುವ ಗಿರಣಿಯಲ್ಲಿ ಯಂತ್ರ ರಿಪೇರಿ ಮಾಡಿ ಜೀವ ಸವೆಸಿದವನು. ಗಿರಣಿ ಮುಚ್ಚಿದ ಮೇಲೆ ಅವನ ಕೈಗಳು ಕೆಲಸವಿಲ್ಲದೆ ಚಡಪಡಿಸುತ್ತಿದ್ದವು. ಬೇಸಿಗೆಯೊಳಗೆ ಅದನ್ನು ಸರಿಮಾಡಿ ಹೆಂಡತಿ ನೊರೀನ್‌ಳನ್ನು ಸರೋವರಕ್ಕೆ ಕರೆದೊಯ್ಯುವುದು ಅವನ ಆಸೆ. ಟ್ರ್ಯಾಕ್ಟರಿನಿಂದ ಎಳೆದು ತಂದು, ತನ್ನ ಕೊಟ್ಟಿಗೆಯಲ್ಲಿ ಮರದ ತುಂಡುಗಳ ಮೇಲೆ ಕೂರಿಸಿದ.

ಮೊದಲು ಅದು ಯಾರ ತಯಾರಿ ಎಂದು ಗೊತ್ತಾಗಬೇಕಿತ್ತು. ಅದು ಗೊತ್ತಾದರೆ ಹಳೆಯ ಬಿಡಿಭಾಗ ಹುಡುಕಬಹುದು, ಒಳಗಿನ ವಿನ್ಯಾಸ ಹೇಗಿತ್ತೆಂದೂ ತಿಳಿಯಬಹುದು. ಆದರೆ ಹೆಸರಿನ ಫಲಕ ಎಲ್ಲೂ ಇರಲಿಲ್ಲ. ಫಲಕ ಕಿತ್ತ ಗುರುತೂ ಇರಲಿಲ್ಲ. ಮಿಸೂಲಾ ಪಟ್ಟಣದಲ್ಲಿ ಹಳೇ ಗಾಡಿಗಳ ಗುಜರಿ ಇಟ್ಟಿದ್ದ ಮುದುಕನೊಬ್ಬನಿಗೆ ಫೋಟೊ ತೋರಿಸಿದರೆ ಅವನು ಕನ್ನಡಕ ಹಣೆಗೇರಿಸಿ ಗೊಣಗಿದ: "ಕಿಟಕಿ ಒಂದು ಕಂಪನಿದು, ಬಾಗಿಲು ಇನ್ನೊಂದ್ರದ್ದು. ಹಿಂದಿನ ದೀಪ ಯಾವ್ದೋ ಸ್ಕೂಲ್ ಬಸ್ಸಿಂದು. ಹತ್ತು ಮನೆ ಬಟ್ಟೆ ಕೂಡಿಸಿ ಹೊಲಿದ ಕೌದಿ ಕಣಪ್ಪ ಇದು. ಕಾರ್ಖಾನೇಲಿ ಹುಟ್ಟಿದ್ದಲ್ಲ, ಯಾವನೋ ಮನೇಲೇ ಕಟ್ಟಿದಾನೆ. ಆದ್ರೆ ಕಟ್ಟಿದೋನು ಕೈ ತಿರುಗಿದ ಆಸಾಮಿ."

ಒಳಗೆ ನೋಡಿದಾಗ ಡಾರಲ್‌ಗೂ ಅದೇ ಅನ್ನಿಸಿತ್ತು. ಗೋಡೆಯ ಪ್ಲೈವುಡ್ ಕೊಳೆತು ಪುಡಿಯಾಗಿದ್ದರೂ ಒಳಗಿನ ಚೌಕಟ್ಟಿನ ಒಂದೊಂದು ಸಂದೂ ಕೂದಲೆಳೆ ತೂರದಷ್ಟು ಬಿಗಿಯಾಗಿತ್ತು. ಒಂದು ಕಡೆ ಮಾತ್ರ ಬೇರೆ ಯಾರದೋ ಒರಟು ಕೈ ಆಡಿತ್ತು. ಚಳಿಗೆ ಹಚ್ಚುವ ಗ್ಯಾಸ್ ಹೀಟರಿನ ಹೊಗೆ ಕೊಳವೆ ಸೂರು ದಾಟಿ ಹೋಗಬೇಕಾದ ತೂತಿಗೆ ತಗಡು ಬಡಿದು, ಅದರ ಮೇಲೆ ಮೊಳೆ, ಮೊಳೆಯ ಪಕ್ಕದಲ್ಲೇ ಮೊಳೆ, ಸಿಟ್ಟು ತೀರಿಸಿಕೊಂಡಂತೆ ಹೊಡೆದಿದ್ದರು. ಹೀಟರ್ ಇರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ಗೋಡೆ ಸುಟ್ಟು ಕಂದಾಗಿತ್ತು.

ಕೆಲಸ ಶುರುವಾದ ವಾರದಲ್ಲೇ ನಿದ್ದೆಯ ಕಾಟ ಹತ್ತಿತು.

ಹಗಲು ನಿದ್ದೆ ಡಾರಲ್‌ನ ಜಾಯಮಾನದಲ್ಲೇ ಇರಲಿಲ್ಲ. ಆದರೆ ಆ ಗೂಡಿನೊಳಗೆ ಕೂತು ಉಪ್ಪುಕಾಗದ ಹಿಡಿದು ಮರ ಉಜ್ಜತೊಡಗಿದರೆ ರೆಪ್ಪೆ ಭಾರವಾಗುತ್ತಿತ್ತು. ತೋಳು ಸೋಲುತ್ತಿತ್ತು. ಎಲ್ಲಿಂದಲೋ ಬೆಚ್ಚಗಿನ, ತುಸು ಸಿಹಿಯಾದ ಜೋಂಪು ಬಂದು, ಅಮ್ಮ ಹೊದಿಕೆ ಎಳೆದು ಮುಚ್ಚಿದ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಕಿಟಕಿಗಳ ಗಾಜು ತೆಗೆದಿಟ್ಟಿದ್ದ, ಬೆಟ್ಟದ ಗಾಳಿ ಈ ಕಡೆಯಿಂದ ಆ ಕಡೆಗೆ ಹಾಯುತ್ತಿತ್ತು. ಆದರೂ ಬಾಗಿಲಿಗೆ ಮುಖ ಮಾಡಿ ನೆಲದ ಮೇಲೇ ಒರಗಿಬಿಡುತ್ತಿದ್ದ.

ಆಗ ಬಾಗಿಲು ತಟ್ಟಿದ ಸದ್ದಾಗುತ್ತಿತ್ತು. ಅದೂ ಬಾಗಿಲ ಕೆಳತುದಿಯಲ್ಲಿ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಕೊನೆಗೆ ಎರಡೂ ಕೈಯಿಂದ ಬಡಿದಂತೆ. ದಿಗ್ಗನೆದ್ದು ಬಾಗಿಲು ತೆಗೆದರೆ ಕೊಟ್ಟಿಗೆಯಲ್ಲಿ ನರಪಿಳ್ಳೆಯಿಲ್ಲ. ಧೂಳು ಬಿಸಿಲಲ್ಲಿ ತೇಲುತ್ತಿರುತ್ತಿತ್ತು. ತಲೆ ಸಿಡಿಯುತ್ತಿತ್ತು, ವಾಂತಿ ಬಂದಂತಾಗುತ್ತಿತ್ತು. ಮೊದಲ ಸಲ ನಾಯಿಯಿರಬೇಕೆಂದುಕೊಂಡ. ಆದರೆ ಅವರ ಮನೆಯಲ್ಲಿ ನಾಯಿ ಸತ್ತು ಎಷ್ಟೋ ಕಾಲವಾಗಿತ್ತು.

"ಬಣ್ಣದ ವಾಸನೆ ತಲೆಗೇರಿದೆ ನಿಂಗೆ," ಎಂದಳು ನೊರೀನ್.

"ಬಣ್ಣದ ಡಬ್ಬ ಇನ್ನೂ ಒಡೆದೇ ಇಲ್ಲ ಕಣೇ."

"ಹಾಗಾದ್ರೆ ವಯಸ್ಸು ತಲೆಗೇರಿದೆ."

ಹಾಗೆ ಕಿಚಾಯಿಸಿದವಳೇ ಮರುದಿನ ಕಾಫಿ ಹಿಡಿದು ಕೊಟ್ಟಿಗೆಗೆ ಬಂದಳು. ಡಾರಲ್ ಆಗ ಒಂದು ಚಿಕ್ಕ ಕಪಾಟಿನ ಬಾಗಿಲಿಗೆ ಮೆತ್ತಿದ್ದ ಹಳೇ ಬಣ್ಣ ಕೆರೆಯುತ್ತಿದ್ದ. ಬಣ್ಣದ ಅಡಿಯಿಂದ ಮರದ ಚಿಲಕವೊಂದು ಮೇಲೆದ್ದು ಬಂತು. ಮೀನಿನ ಆಕಾರದ್ದು, ಬಾಲ ತುಸು ಕೊಂಕಿಸಿಕೊಂಡ ಮೀನು. ಅದನ್ನು ಬೆರಳಿಂದ ತಿರುಗಿಸಿದರೆ ಕಪಾಟು ಮುಚ್ಚುತ್ತಿತ್ತು. "ಎಷ್ಟು ಚೆನ್ನಾಗಿದೆ ನೋಡೇ," ಎಂದು ಅವನು ತಿರುಗಿದ.

ನೊರೀನ್ ಕಾಫಿ ಕೆಳಗಿಟ್ಟು ಬಗ್ಗಿ ನೋಡಿದಳು.

"ಈ ಮೀನು ನಂಗೊತ್ತು," ಎಂದಳು. "ನಮ್ಮ ಚರ್ಚಿನ ಅಡುಗೆಮನೆ ಕಪಾಟಿಗೆಲ್ಲಾ ಇದೇ ಮೀನು. ಯಾರದೇ ಮಣ್ಣಾಗ್ಲಿ, ಆಮೇಲೆ ಊಟ ಅಲ್ಲೇ. ಪಾತ್ರೆ ತೊಳೆದು ಇವನ್ನ ತಿರುಗಿಸಿ ತಿರುಗಿಸಿ ನನ್ನ ಬೆರಳು ಸವೆದಿದೆ. ಐನಾರ್ ಟ್ವೇಟ್ ಮಾಡಿದ್ದು ಇವು."

"ಯಾರವ್ನು?"

ಡಾರಲ್ ಐಡಹೊ ರಾಜ್ಯದ ಕಡೆಯಿಂದ ಗಿರಣಿ ಕೆಲಸಕ್ಕೆ ಬಂದವನು, ಹಳೆಯ ಕಥೆಗಳು ಅವನಿಗೆ ತಿಳಿಯವು. ನೊರೀನ್ ಇದೇ ಕಣಿವೆಯ ಮಗಳು. ಅವಳು ಕ್ಯಾಂಪರಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತೇ ಹೇಳಿದಳು. "ಬಡಗಿ. ನಾನಾಗ ಪುಟ್ಟವಳು. ತಾನೇ ಕಟ್ಟಿದ ಕ್ಯಾಂಪರಲ್ಲಿ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಮೀನು ಹಿಡಿಯೋಕೆ ಸರೋವರಕ್ಕೆ ಹೋದ. ಚಳಿ ಅಂತ ಹೀಟರ್ ಹಚ್ಚಿಕೊಂಡು ಮಲಗಿದ್ರು. ಕಣಜ ಹುಳ ಹೊಗೆ ಕೊಳವೇಲಿ ಗೂಡು ಕಟ್ಟಿತ್ತಂತೆ, ವಿಷದ ಗಾಳಿಯೆಲ್ಲ ಒಳಗೇ ತುಂಬ್ಕೊಳ್ತು. ಐನಾರ್, ಅವನ ಹೆಂಡ್ತಿ, ಚಿಕ್ಕ ಮಗ. ಮಲಗಿದೋರು ಮಲಗಿದ ಹಾಗೇ..."

ಡಾರಲ್ ಉಪ್ಪುಕಾಗದ ಕೆಳಗಿಟ್ಟ. ತಾನು ಒರಗಿ ನಿದ್ದೆಹೋದ ನೆಲ ನೋಡಿದ.

"ಹಾಗಾದ್ರೆ ಬಾಗಿಲು ಬಡಿಯೋದು ಆ ಹುಡುಗನಾ?"

"ಅವನ್ಯಾಕೆ ಬಡೀತಾನೆ? ಅವನು ಒಳಗಿದ್ದ." ನೊರೀನ್ ಧ್ವನಿ ತಗ್ಗಿತು. "ಹೊರಗಿದ್ದೋಳು ಮಗಳು. ನಾಯಿ ನೀರಿಗೆ ಬಿದ್ದು ನಾರ್ತಿತ್ತು ಅಂತ ಅಪ್ಪ ಅದನ್ನ ಒಳಗೆ ಸೇರಿಸ್ಲಿಲ್ಲ. ಇವಳು ಹಟ ಮಾಡಿ ಅದರ ಜೊತೆ ಗಾಡಿಯ ಸೀಟಲ್ಲೇ ಮಲಗಿದ್ಲು, ಬದುಕಿಕೊಂಡ್ಲು. ಡಾರಲ್, ಅವಳು ಸತ್ತಿಲ್ಲ ಕಣೋ. ಸಿಗ್ರಿಡ್! ಮೊನ್ನೆ ಅಂಗಡೀಲಿ ನನ್ನ ಹಿಂದೇನೇ ನಿಂತಿದ್ಲು, ಬೀಟ್‌ರೂಟ್ ಹಿಡ್ಕೊಂಡು."

ಸತ್ತವರು ಕಾಡಿದ ಕಥೆ ಡಾರಲ್ ಕೇಳಿದ್ದ. ಬದುಕಿರುವವಳ ಕೈ ಇಷ್ಟು ಕಾಲ ಒಂದು ಬಾಗಿಲನ್ನು ಬಡಿಯುತ್ತಲೇ ಇರುತ್ತದೆಂದು ಅವನು ಕನಸಲ್ಲೂ ಎಣಿಸಿರಲಿಲ್ಲ.

ಕ್ಯಾಂಪರನ್ನು ಒಡೆದು ಸುಟ್ಟುಬಿಡೋಣವೆಂದು ಅವನು ಅಂದ. ನೊರೀನ್ ಒಪ್ಪಲಿಲ್ಲ. "ಅದು ನಿಂದಲ್ಲ, ಅವಳದು. ಸುಡೋದಾದ್ರೆ ಅವಳು ಸುಡ್ಲಿ." ಭಾನುವಾರ ಚರ್ಚು ಬಿಟ್ಟ ಮೇಲೆ ತಾನೇ ಹೋಗಿ ಹೇಳಿದಳು. ಅದೇ ಮಧ್ಯಾಹ್ನ ಸಿಗ್ರಿಡ್ ಬಂದಳು. ಎತ್ತರದ ಹೆಂಗಸು, ಬಿಳಿಗೂದಲನ್ನು ಗಂಡಸಿನಂತೆ ಕತ್ತರಿಸಿಕೊಂಡಿದ್ದಳು. ಕೋಟಿನ ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡಿದ್ದಳು. ಕೊಟ್ಟಿಗೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಆಮೇಲೆ ನೆಟ್ಟಗೆ ನಡೆದು ಬಂದು ತಗಡಿನ ಮೇಲೆ ಅಂಗೈ ಊರಿದಳು, ಕುದುರೆಯ ಮೈ ಸವರುವಂತೆ.

"ಚಿಕ್ಕದಾಗಿಬಿಟ್ಟಿದೆ," ಎಂದಳು.

ಒಳಗೆ ಇಣುಕಿ ಸೂರಿನ ತಗಡು ನೋಡಿದಳು. "ಆ ಮೊಳೆ ಹೊಡೆದಿದ್ದು ನಮ್ಮ ದೊಡ್ಡಪ್ಪ. ಒಂದೊಂದು ಮೊಳೆಗೂ ಅಳ್ತಾ ಹೊಡೆದ. ಸಾಕು ಅಂದ್ರೂ ನಿಲ್ಲಿಸ್ಲಿಲ್ಲ." ಆಮೇಲೆ ಯಾರೂ ಕೇಳದೆಯೇ ಹೇಳತೊಡಗಿದಳು: "ಬೆಳಗಾದ್ರೂ ಏಳ್ಲಿಲ್ಲ. ಬಾಗಿಲಿಗೆ ಒಳಗಿಂದ ಅಗುಳಿ. ಗಾಡಿ ಮೇಲಿತ್ತಲ್ಲ, ನಂಗೆ ಬಾಗಿಲ ಬುಡ ಅಷ್ಟೇ ಎಟುಕ್ತಿದ್ದಿದ್ದು. ಮೊದ್ಲು ಮೆತ್ತಗೆ ತಟ್ಟಿದೆ, ಅಪ್ಪ ಬೈತಾನೆ ಅಂತ. ಆಮೇಲೆ ಬಡಿದೆ. ನಾಯಿ ಊಳಿಡ್ತು. ದೋಣಿಯೋರು ಯಾರೋ ಬರೋವರ್ಗೂ ಬಡೀತಾನೇ ಇದ್ದೆ."

ಡಾರಲ್ ಬಾಯಿ ತೆರೆದ. ಬೇಡವೆಂದು ನೊರೀನ್ ಕಣ್ಣಲ್ಲೇ ಗದರಿದಳು. ಆದರೆ ಅವನಿಗೆ ತಡೆಯಲಾಗಲಿಲ್ಲ.

"ಅಮ್ಮಾ, ನಿಮ್ಗೆ ಹುಚ್ಚು ಮಾತು ಅನ್ನಿಸ್ಬಹುದು. ಇದರೊಳಗೆ ಕೂತ್ರೆ ನಂಗೆ ನಿದ್ದೆ ಎಳೆಯುತ್ತೆ. ಕೆಟ್ಟ ನಿದ್ದೆ. ಆಗೆಲ್ಲಾ ಯಾರೋ ಬಾಗಿಲು ಬಡೀತಾರೆ. ಕೆಳಗಡೆ. ಮೊದ್ಲು ಮೆತ್ತಗೆ."

ಸಿಗ್ರಿಡ್ ಅವನನ್ನೇ ನೋಡಿದಳು.

"ನೀನು ಎದ್ಯಾ?" ಎಂದಳು.

"ಎದ್ದೆ."

"ಪ್ರತಿ ಸಲಾನೂ?"

"ಪ್ರತಿ ಸಲಾನೂ. ಎದ್ದು ಬಾಗಿಲು ತೆಗೆದೆ."

ಅವಳ ಮೊಗ ಮೆಲ್ಲಗೆ ಸಡಿಲವಾಯಿತು. ಕೋಟಿನ ಮೇಲಿನ ಗುಂಡಿ ಬಿಚ್ಚಿ ಉಸಿರೆಳೆದುಕೊಂಡಳು. "ಸದ್ಯ," ಎಂದಳು, "ಒಬ್ಬನಾದ್ರೂ ಎದ್ದನಲ್ಲ." ಹಾಗೆಂದು ಅಲ್ಲೇ ಮರದ ತುಂಡಿನ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ನೊರೀನ್ ಅವಳ ಪಕ್ಕ ಕೂತು ಬೆನ್ನು ನೀವುತ್ತಿದ್ದಳು.

ಸಿಗ್ರಿಡ್ ಸುಡಲು ಹೇಳಲಿಲ್ಲ. ಪೂರ್ತಿ ಮಾಡೆಂದಳು, ಹೀಟರ್ ಮಾತ್ರ ಬೇಡ. ಬಾಗಿಲಿಗೆ ಒಳಗಿನ ಅಗುಳಿಯೂ ಬೇಡ. ಅಂದಿನಿಂದ ಕೆಲಸಕ್ಕೆ ತಾನೂ ಬಂದು ಕೂತಳು. ಅಪ್ಪ ಬಳಿದಿದ್ದ ಬೆಣ್ಣೆ ಬಣ್ಣ ಯಾವುದು, ಅಮ್ಮ ಪರದೆಗೆ ಯಾವ ಬಟ್ಟೆ ಹೊಲಿದಿದ್ದಳು, ಎಲ್ಲ ಅವಳೇ ಹೇಳಿದಳು. ಅವಳಿದ್ದಾಗ ಬಾಗಿಲ ಸದ್ದು ಬರಲಿಲ್ಲ. ಆಮೇಲೆ ಅವಳಿಲ್ಲದಾಗಲೂ ಬರಲಿಲ್ಲ.

ಬೇಸಿಗೆ ಮಾಗಿ ಬೆಟ್ಟದ ಪೊದೆಗಳಲ್ಲಿ ಹಕಲ್‌ಬೆರಿ ಹಣ್ಣಾಗುವ ಹೊತ್ತಿಗೆ ಕ್ಯಾಂಪರ್ ಸಿದ್ಧವಾಯಿತು. ಪಿಕಪ್ಪಿಗೆ ಏರಿಸಿ ಮೂವರೂ ಸರೋವರಕ್ಕೆ ಹೋದರು. ಮನೆಯವರು ಸತ್ತಂದಿನಿಂದ ಸಿಗ್ರಿಡ್ ಆ ದಾರಿ ತುಳಿದಿರಲಿಲ್ಲ. ನೀರಂಚಿನಲ್ಲಿ ಸ್ವಲ್ಪ ಅಡ್ಡಾಡಿ ಬಂದು, "ಒಂದು ಗಳಿಗೆ ಮಲಗ್ತೀನಿ," ಎಂದು ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಳು.

ಡಾರಲ್ ಗಾಳ ಎಸೆದು ಕೂತ, ಆದರೆ ಅವನ ಕಣ್ಣು ನೀರಿನ ಮೇಲಿರಲಿಲ್ಲ. ಬಿಸಿಲು ಬೆಟ್ಟದತ್ತ ಸರಿಯಿತು. ಒಳಗಿಂದ ಸದ್ದಿಲ್ಲ. ಅವನು ಎದ್ದ. ನೊರೀನ್ ಅವನ ತೋಳು ಹಿಡಿದು ಕೂರಿಸಿದಳು. ಅವಳ ಕಣ್ಣೂ ಆ ಬಾಗಿಲ ಮೇಲೇ ಇತ್ತು.

"ಮಲಗ್ಲಿ ಬಿಡೋ. ಕಿಟಕಿ ತೆರೆದಿದೆ."

"ಅದು ನಂಗೂ ಗೊತ್ತು ಕಣೇ."

ಕೊನೆಗೆ ಬಾಗಿಲು ತೆರೆಯಿತು. ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿಸಿಕೊಂಡು, ಕೂದಲು ಕೆದರಿಕೊಂಡು ಸಿಗ್ರಿಡ್ ಇಳಿದು ಬಂದಳು. ಆ ಗೂಡಿನ ತುಂಬ ಎಲ್ಲರೂ ಇದ್ದರೆಂದು, ಜಾಗ ಸಾಲದೆ ತಮ್ಮನನ್ನು ಗೋಡೆಗೆ ಒತ್ತರಿಸಿ ಮಲಗಬೇಕಾಯಿತೆಂದು ಹೇಳಿದಳು. ಕನಸೆಂದು ಮಾತ್ರ ಅವಳು ಅನ್ನಲಿಲ್ಲ. ಆಮೇಲೆ ಹಸಿವೆಂದಳು. ಡಾರಲ್ ಹಿಡಿದಿದ್ದ ಒಂದೇ ಒಂದು ಟ್ರೌಟ್ ಮೀನನ್ನು ಆಲೂಗಡ್ಡೆಯ ಜೊತೆ ಹುರಿದು ಕೊಟ್ಟರು. ಮುಳ್ಳು ಬಿಟ್ಟು ಪೂರ್ತಿ ತಿಂದಳು.

ಮರುದಿನ ಡಾರಲ್ ಕ್ಯಾಂಪರನ್ನು ಅವಳ ಅಂಗಳಕ್ಕೆ ಸಾಗಿಸಿ ಇಳಿಸಿ ಬಂದ. ಅವಳು ವಾರದಲ್ಲಿ ಒಂದೆರಡು ಮಧ್ಯಾಹ್ನ ಅದರಲ್ಲಿ ಮಲಗುತ್ತಾಳೆಂದು ಊರಲ್ಲಿ ಮಾತು. ಎಲ್ಕ್ ಜಿಂಕೆಯ ಬೇಟೆಯ ಕಾಲ ಬಂದಾಗ ಡಾರಲ್ ಹಳೆಯ ಗುಡಾರವನ್ನೇ ಹೊತ್ತು ಬೆಟ್ಟ ಹತ್ತಿದ. ಜೊತೆಗೆ ಬಂದಿದ್ದ ಲೈಲ್ ಬಿಡುತ್ತಾನೆಯೇ?

"ಬೇಸಿಗೆಯೆಲ್ಲಾ ಒದ್ದಾಡಿ ಮನೆ ಕಟ್ಟಿ, ಈಗ ಹಿಮದಲ್ಲಿ ಗುಡಾರದಲ್ಲಿ ನಡುಗ್ತೀಯಲ್ಲೋ! ಕೇಳಿದ್ರೆ ಅವಳು ಕೊಡ್ತಿರ್ಲಿಲ್ವಾ?"

"ಕೊಡ್ತಿದ್ಲು," ಎಂದ ಡಾರಲ್, ಗುಡಾರದ ಗೂಟಕ್ಕೆ ಸುತ್ತಿಗೆಯಿಂದ ಇನ್ನೊಂದು ಏಟು ಹಾಕುತ್ತಾ. "ಅದರಲ್ಲಿ ತುಂಬಾ ಚೆನ್ನಾಗಿ ನಿದ್ದೆ ಬರುತ್ತೆ ಕಣೋ. ನಂಗೆ ಅಷ್ಟು ನಿದ್ದೆ ಬೇಡ."